ಪ್ಲಗ್ ಕೂರಿಸುವ ಕೈ

"ಆ ಗಾಡಿ ಶುರುವಾದ ದಿನ ನಾನು ಈ ಮನೆಯಲ್ಲಿ ಇರಲ್ಲ ಅಂತ ಮೊದಲೇ ಹೇಳಿದ್ದೆ. ಈಗ ಹೊರಟಿದ್ದೀನಿ. ಬರೋದಾದ್ರೆ ಬಾ. ಇಲ್ಲಾಂದ್ರೆ ಇಲ್ಲೇ ಗ್ರೀಸು ಬಳ್ಕೊಂಡು ಇರು."

ಇಷ್ಟು ಹೇಳಿ ಗಂಡ ಚೀಲದ ಜಿಪ್ಪು ಎಳೆದ. ಅದು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತು. ಜಗ್ಗಿದ, ಬರಲಿಲ್ಲ, ಹಾಗೇ ಬಿಟ್ಟ. ಅವನ ಹೆಂಡತಿ, ಅಂದರೆ ಆ ಮನೆಯ ಒಬ್ಬಳೇ ಸೊಸೆ, ಪಾಲಿಶ್ ಬಟ್ಟೆ ಹಿಡಿದುಕೊಂಡು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಒಂದು ಹನಿ ಎಣ್ಣೆ ಸವರಿದ್ದರೆ ಜಿಪ್ಪು ಸಲೀಸಾಗಿ ಬರುತ್ತಿತ್ತು. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಆದರೆ ಆ ಮನೆಯಲ್ಲಿ ಅವನೆದುರು ಎಣ್ಣೆ ಡಬ್ಬಿ ಹಿಡಿಯುವ ಧೈರ್ಯ ಯಾರಿಗೂ ಇರಲಿಲ್ಲ.

"ಇವತ್ತೊಂದು ದಿನ ತಡೀರಿ," ಅಂದಳು. "ಮಾವ ಗಾಡಿ ಸದ್ದು ಕೇಳಲಿ. ನಿಮ್ಮ ಎದುರಿಗೇ ಕೇಳಬೇಕು ಅನ್ನೋದು ಅವರ ಆಸೆ."

"ಅವರ ಆಸೆ ನಿನಗೆ ಹೇಗೆ ಗೊತ್ತು? ಅವರ ಬಾಯಿಂದ ಮಾತು ಬಂದು ಎಷ್ಟು ಕಾಲ ಆಯ್ತು?"

ಅವಳು ಪಾಲಿಶ್ ಬಟ್ಟೆಯನ್ನು ಮಡಚಿದಳು. ಹೇಗೆ ಗೊತ್ತೆಂದು ಹೇಳುವ ಹಾಗಿರಲಿಲ್ಲ.

ಅಡುಗೆಮನೆ ದಾಟಿದರೆ ವರ್ಕ್‌ಶಾಪು, ವರ್ಕ್‌ಶಾಪು ದಾಟಿದರೆ ರಸ್ತೆ; ಆ ಮನೆಗೆ ಬೇರೆ ಬಾಗಿಲಿಲ್ಲ. ಮುನಿಸಿಕೊಂಡು ಮನೆ ಬಿಡುವವನೂ ಆ ಗಾಡಿಯ ಮುಂದೆಯೇ ಹಾದುಹೋಗಬೇಕು. ಗಾಡಿಯಾದರೋ, ಅಂದರೆ ಮಾವನ ಸ್ವಂತದ ಹಳೆಯ ಮೋಟಾರ್‌ಬೈಕು, ಅವತ್ತು ಕಣ್ಣು ಕೋರೈಸುವಂತೆ ನಿಂತಿತ್ತು. ದುಂಡನೆಯ ಕಪ್ಪು ಟ್ಯಾಂಕು, ಅದರ ಮೇಲೆ ಅವಳೇ ಉಸಿರು ಬಿಗಿಹಿಡಿದು ಎಳೆದ ಚಿನ್ನದ ಬಣ್ಣದ ಗೆರೆ, ಮೊಣಕಾಲು ಒರಗಿಸುವಲ್ಲಿ ಹೊಸ ರಬ್ಬರು, ಮುಖ ಕಾಣುವ ಹಾಗೆ ಉಜ್ಜಿದ ಹೆಡ್‌ಲೈಟಿನ ಬಳೆ. ಗಂಡನಿಗಿಂತ ವಯಸ್ಸಾದ ಗಾಡಿ. ತುಕ್ಕು ಹಿಡಿದ ಬಿಡಿಭಾಗಗಳ ರಾಶಿಯಿಂದ ಅದನ್ನು ಈ ಸ್ಥಿತಿಗೆ ತರುವಷ್ಟರಲ್ಲಿ ಅವಳಿಗೂ ಗಂಡನಿಗೂ ನಡುವೆ ಇದ್ದ ನಗು, ಹರಟೆ, ಎಲ್ಲ ಒಂದೊಂದಾಗಿ ಉದುರಿಹೋಗಿತ್ತು. ಈಗ ಉಳಿದಿದ್ದು ಒಂದೇ ಕೆಲಸ: ಸ್ಪಾರ್ಕ್ ಪ್ಲಗ್ ಕೂರಿಸುವುದು.

ಅದನ್ನು ಬೇಕೆಂದೇ ಉಳಿಸಿದ್ದಳು. ಬೀದಿಯವರೆಲ್ಲ 'ಮೇಸ್ತ್ರಿ' ಎಂದು ಕರೆಯುತ್ತಿದ್ದ ಅವಳ ಮಾವನ ವರ್ಕ್‌ಶಾಪಿನಲ್ಲಿ ಒಂದು ರೂಢಿ ಇತ್ತು. ಯಾವ ಗಾಡಿಯೇ ಆಗಲಿ, ಕೊನೆಯ ತಿರುಪು ಅದರ ಯಜಮಾನನ ಕೈಯಿಂದಲೇ ಬೀಳಬೇಕು. ಎಂಥ ದೊಡ್ಡ ಮನುಷ್ಯ ಬಂದರೂ ಮೇಸ್ತ್ರಿ ಅವನ ಕೈಗೆ ಸ್ಪಾನರ್ ತುರುಕಿ, "ತಗೊಳ್ಳಿ ಸ್ವಾಮಿ, ಇದು ನಿಮ್ಮ ಪಾಲಿನ ಕೆಲಸ. ನಾಳೆ ಕೆಟ್ಟು ನಿಂತರೆ ನನ್ನೊಬ್ಬನನ್ನೇ ಬೈಯೋ ಹಾಗಿಲ್ಲ," ಅನ್ನುತ್ತಿದ್ದರು. ಈಗ ಅದೇ ಮೇಸ್ತ್ರಿಗೆ ಪಾರ್ಶ್ವವಾಯು ಬಡಿದು ಬಲಭಾಗ ಸತ್ತುಹೋಗಿದೆ. ಬಾಯಲ್ಲಿ ಬರುವುದು ಅರೆಬರೆ ಸ್ವರ ಮಾತ್ರ. ಇನ್ನೊಂದು ಸಲ ಬಡಿದರೆ ಕಷ್ಟ ಎಂದು ಡಾಕ್ಟರು ಹೇಳಿ ಹೋಗಿದ್ದರು.

ಗಂಡನಿಗೆ ಆ ಗಾಡಿಯ ಮೇಲೆ ಇಷ್ಟೊಂದು ದ್ವೇಷ ಯಾಕೆ? ಕಾರಣ ಇಲ್ಲದೆ ಇರಲಿಲ್ಲ. ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ ಅವನು ಇದೇ ಗಾಡಿಯ ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕಲು ಹೋಗಿದ್ದ. ಬಿಗಿ ಕೊಡುತ್ತಿದ್ದಂತೆ, ಇಂಜಿನ್ನಿನ ತೂತಿನೊಳಗೆ ಪ್ಲಗ್ಗನ್ನು ಹಿಡಿದಿಡುವ ತಿರುಪಿನ ಗೆರೆ, ಅಂದರೆ ಥ್ರೆಡ್, ಪುಡಿಪುಡಿಯಾಗಿ ಪ್ಲಗ್ಗಿನ ಜೊತೆಗೇ ಕಿತ್ತುಬಂತು. ಅಂಗಡಿ ತುಂಬ ಗಿರಾಕಿಗಳು. ಮೇಸ್ತ್ರಿ ಎಲ್ಲರೆದುರಿಗೆ ಮಗನ ಕೆನ್ನೆಗೆ ಬಾರಿಸಿ, "ನಿನ್ನ ಕೈ ಊಟಕ್ಕೆ ಮಾತ್ರ ಲಾಯಕ್ಕು. ಇನ್ನು ಮೇಲೆ ಇಲ್ಲಿ ಏನನ್ನೂ ಮುಟ್ಟಬೇಡ," ಅಂದುಬಿಟ್ಟರು. ಹುಡುಗ ಆ ಮಾತನ್ನು ಅಕ್ಷರಶಃ ಪಾಲಿಸಿದ. ಬೆಳೆದು ಬಸ್ ಡಿಪೋದ ಟಿಕೆಟ್ ಕೌಂಟರಿನಲ್ಲಿ ಕೂತ. ಮನೆಯ ಬಲ್ಬು ಸುಟ್ಟರೂ ಹೆಂಡತಿಯನ್ನೇ ಕರೆಯುತ್ತಿದ್ದ. "ನನಗೆ ಬಿಡು, ಊಟದ ಕೈ," ಎಂದು ತಾನೇ ನಗುತ್ತಿದ್ದ. 

ಸೊಸೆಯ ಕಥೆಯೇ ಬೇರೆ. ಮದುವೆಯಾಗಿ ಬಂದ ಹೊಸದರಲ್ಲಿ ಕಣ್ಣು ಮಂಜಾದ ಮಾವನಿಗೆ ಟಾರ್ಚು ಹಿಡಿಯಲು ನಿಂತವಳು, ನೋಡುನೋಡುತ್ತಾ ಸ್ಪಾನರ್ ಹಿಡಿದಳು. ಮಾವ ಅವಳನ್ನು "ಮಗಳೇ" ಎನ್ನತೊಡಗಿದರು. ಅತ್ತೆಗೆ ಅದನ್ನು ನೋಡಿ ಮೈಯೆಲ್ಲ ಉರಿ. "ಗಂಡ ಟಿಕೆಟ್ ಹರೀತಾನೆ, ಹೆಂಡತಿ ಇಂಜಿನ್ ಬಿಚ್ತಾಳೆ. ಮಗನಿಗೆ ಸೇರಬೇಕಾದ ಜಾಗದಲ್ಲಿ ಇವಳು ಬಂದು ಕೂತ್ಕೊಂಡ್ಳು," ಎಂದು ಅಕ್ಕಪಕ್ಕದವರ ಮುಂದೆ ಹೇಳುವುದು, ಅವಳು ಊಟಕ್ಕೆ ಕೂತರೆ ತಟ್ಟೆಯನ್ನು ದೂರಕ್ಕೆ ಸರಿಸಿ, "ಮೊದಲು ಆ ಪೆಟ್ರೋಲ್ ವಾಸನೆ ತೊಳ್ಕೊಂಡು ಬಾ," ಅನ್ನುವುದು... ಇದೆಲ್ಲ ಅವಳು ನುಂಗಿಕೊಂಡಿದ್ದಳು.

ನುಂಗಲಾರದ ತುತ್ತು ಇನ್ನೊಂದಿತ್ತು. ಗಾಡಿಯ ಇಂಜಿನ್ ಬಿಚ್ಚಿ, ಹೊಸ ಥ್ರೆಡ್ ಕೂರಿಸಲೆಂದು ಆ ಹಳೆಯ ತೂತನ್ನು ಕೆರೆದು ತೊಳೆಯುವಾಗ, ಉಳಿದಿದ್ದ ಥ್ರೆಡ್ಡಿನ ಸಂದಿಯಿಂದ ತಾಮ್ರದ ತಂತಿಯ ತುಂಡು ಸಿಕ್ಕಿತು. ಥ್ರೆಡ್ ಮೊದಲೇ ಹಾಳಾಗಿತ್ತು! ಯಾರೋ ಅವಸರದಲ್ಲಿ ಪ್ಲಗ್ ಸೊಟ್ಟ ಹಾಕಿ ಕೆಡಿಸಿ, ಗೊತ್ತಾಗದಿರಲಿ ಎಂದು ಪ್ಲಗ್ಗಿಗೆ ತಂತಿ ಸುತ್ತಿ ಬಿಗಿ ಮಾಡಿದ್ದರು. ತಂತಿಯ ತುದಿಯನ್ನು ಬೆರಳಿಗೆ ಚುಚ್ಚದ ಹಾಗೆ ಒಳಕ್ಕೆ ಮಡಚಿದ್ದರು. ಹಾಗೆ ಮಡಚುವುದನ್ನು ಅವಳಿಗೆ ಕಲಿಸಿದವರು ಮಾವನೇ. ಹೆಸರಾಂತ ಮೇಸ್ತ್ರಿ ತನ್ನದೇ ಗಾಡಿ ಕೆಡಿಸಿಕೊಂಡ ಎಂದು ಜನ ನಕ್ಕಾರು ಎಂಬ ಹೆದರಿಕೆಯಿಂದ ಮುಚ್ಚಿಟ್ಟ ತಪ್ಪು, ಮಗನ ಕೈಗೆ ಸಿಕ್ಕು ಬಯಲಾಗಿತ್ತು. ಪೆಟ್ಟು ಮಾತ್ರ ಮಗನ ಕೆನ್ನೆಗೆ ಬಿದ್ದಿತ್ತು.

ಆಗ ಮಾವನಿಗೆ ಇನ್ನೂ ಮಾತಿತ್ತು. ಅವಳು ಅಂಗೈಯಲ್ಲಿ ತಂತಿ ಹಿಡಿದು ಎದುರು ನಿಂತಾಗ ಅವರ ಮುಖ ಕಪ್ಪಿಟ್ಟಿತು. "ಗಾಡಿ ಶುರುವಾಗೋ ದಿನ ನಾನೇ ಅವನಿಗೆ ಹೇಳ್ತೀನಿ ಮಗಳೇ. ನನ್ನ ಬಾಯಿಂದಲೇ ಬರಬೇಕು ಅದು. ಅಲ್ಲಿವರೆಗೂ ನೀನು ತುಟಿ ಬಿಚ್ಚಲ್ಲ ಅಂತ ಮಾತು ಕೊಡು," ಅಂದರು. ಕೊಟ್ಟಳು. ಕೆಲವೇ ವಾರದಲ್ಲಿ ಅವರ ಬಾಯಿಯೇ ಬಿದ್ದುಹೋಯಿತು... ಕೊಟ್ಟ ಮಾತು ಮಾತ್ರ ಅವಳ ಕೊರಳಲ್ಲಿ ಉಳಿಯಿತು. ಹೇಳಿದರೆ ಅಪ್ಪನಂಥ ಮಾವನಿಗೆ ದ್ರೋಹ, ಹೇಳದಿದ್ದರೆ ಗಂಡ ಈ ಜನ್ಮಕ್ಕೆ ಊಟದ ಕೈಯಾಗಿಯೇ ಉಳಿಯುತ್ತಾನೆ. ಈಗಂತೂ ಬೇರೆ ಊರಿಗೆ ವರ್ಗ ಕೇಳಿ ಪಡೆದು, ಚೀಲ ಹಿಡಿದು ಹೊರಟೇ ನಿಂತಿದ್ದಾನೆ.

ಅವನು ಬಾಯ್ತೆರೆದ ಚೀಲವನ್ನೇ ಹೆಗಲಿಗೇರಿಸಿ ವರ್ಕ್‌ಶಾಪಿಗೆ ಕಾಲಿಟ್ಟ. ಅಲ್ಲಿ ಅತ್ತೆ ಆಗಲೇ ಮೇಸ್ತ್ರಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಗಾಡಿಯ ಪಕ್ಕಕ್ಕೆ ತಂದಿದ್ದರು. ಸೊಸೆ ಓಡಿಬಂದು ರೂಢಿಯ ಪ್ರಕಾರ ಪ್ಲಗ್ಗನ್ನು ಮಾವನ ಎಡಗೈಯಲ್ಲಿಟ್ಟಳು. ಇಟ್ಟು, ಅವರ ಕೈಯನ್ನು ಇಂಜಿನ್ನಿನ ಹತ್ತಿರ ಒಯ್ಯಲು ಹೋದಳು. ಅವರು ಕೈ ಎಳೆದುಕೊಂಡರು. ತಲೆ ಅಲ್ಲಾಡಿಸಿದರು. ಆಮೇಲೆ ಪ್ಲಗ್ ಹಿಡಿದ ಆ ಕೈಯನ್ನು ಮಗನತ್ತ ಚಾಚಿದರು.

ಮಗ ನಿಂತ. ಅವನ ಮುಖದ ಬಣ್ಣ ಬದಲಾಯಿತು.

"ಮತ್ತೆ ಅದೇ ತೂತು, ಅದೇ ಪ್ಲಗ್ಗು," ಅಂದ. ಕಿರುಚಲಿಲ್ಲ, ಕಿರುಚಿದ್ದರೇ ಚೆನ್ನಾಗಿತ್ತು. "ಹೋಗೋನನ್ನೂ ಬಿಡಲ್ವಾ ಅಪ್ಪ? ಅವತ್ತು ಗಿರಾಕಿಗಳ ಮುಂದೆ ಆಯ್ತು. ಇವತ್ತು ಹೆಂಡತಿ ಮುಂದೆ ಹಂಗಿಸಬೇಕಾ?"

"ಸಾಕು ಮಾಡ್ರಿ," ಎಂದು ಅತ್ತೆಯೂ ಗಂಡನ ಮೇಲೆ ತಿರುಗಿದರು. "ಮಗ ಮನೆ ಬಿಟ್ಟು ಹೊರಟಿದ್ದಾನೆ. ಗಾಯದ ಮೇಲೆ ಬರೆ ಎಳೀತೀರಲ್ಲ. ಎಲ್ಲಾ ಇವಳಿಂದ ಆಗಿದ್ದು. ಮೂಲೆಯಲ್ಲಿ ಬಿದ್ದಿದ್ದ ಪೀಡೆಯನ್ನ ಎಬ್ಬಿಸಿ ನಿಲ್ಲಿಸಿದ್ಳು."

ಮೇಸ್ತ್ರಿ ಬಾಯಿ ತೆರೆದರು. ಗಂಟಲಿನಿಂದ ಗೊರಗೊರ ಸದ್ದು ಬಂತೇ ಹೊರತು ಮಾತು ಕೂಡಲಿಲ್ಲ. ಕುತ್ತಿಗೆಯ ನರ ಉಬ್ಬಿತು, ಜೊಲ್ಲು ಇಳಿಯಿತು. ಮಗ ಮುಖ ತಿರುಗಿಸಿ ರಸ್ತೆಯ ಬಾಗಿಲಿನತ್ತ ನಡೆದ. ಮೇಸ್ತ್ರಿಯ ಕಣ್ಣು ಸೊಸೆಯನ್ನು ಹುಡುಕಿತು. ಆ ಕಣ್ಣಲ್ಲಿ ನೀರು ತುಂಬಿತ್ತು. ಅದು 'ಹೇಳು' ಎನ್ನುತ್ತಿದೆಯೋ, 'ಹೇಳಬೇಡ' ಎನ್ನುತ್ತಿದೆಯೋ, ಅಷ್ಟು ವರ್ಷ ಆ ಮುಖ ನೋಡಿಕೊಂಡೇ ಕೆಲಸ ಕಲಿತವಳಿಗೂ ತಿಳಿಯಲಿಲ್ಲ. ಗಂಡನ ಕಾಲು ಹೊಸ್ತಿಲ ಮೇಲಿತ್ತು.

"ರೀ, ಆ ಥ್ರೆಡ್ ನೀವು ಹಾಳು ಮಾಡಿದ್ದಲ್ಲ."

ಮಾತು ಅವಳ ಬಾಯಿಂದ ಬಿದ್ದುಹೋಯಿತು. ಇನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ಅವನು ತಿರುಗಲಿಲ್ಲ, ಹೊರಗೂ ಹೋಗಲಿಲ್ಲ. ಅವನ ಬೆನ್ನಿಗೇ ಅವಳು ಎಲ್ಲ ಹೇಳಿದಳು: ತಂತಿ ಸಿಕ್ಕಿದ್ದು, ಅದರ ತುದಿ ಮಾವನ ರೀತಿಯಲ್ಲೇ ಮಡಚಿದ್ದು, ಅವನು ಮುಟ್ಟುವ ಮೊದಲೇ ಅಲ್ಲಿ ಹಿಡಿತವೇ ಇರಲಿಲ್ಲ ಅನ್ನುವುದು. "ಯಾರು ಕೈ ಇಟ್ಟಿದ್ದರೂ ಅವತ್ತು ಕಿತ್ತು ಬರ್ತಿತ್ತು. ನಿಮ್ಮ ಕೈಗೆ ಸಿಕ್ಕಿತು, ಅಷ್ಟೇ."

"ಎಂಥ ಹೆಂಗಸೇ ನೀನು," ಎಂದು ಅತ್ತೆ ಮುಂದೆ ಬಂದರು. "ಬಾಯಿ ಬಾರದವರ ಮೇಲೆ ಗೂಬೆ ಕೂರಿಸ್ತೀಯಾ? ಅನ್ನ ಹಾಕಿ, ಕಸುಬು ಕಲಿಸಿದ ಮನುಷ್ಯನ ಮೇಲೆ? ಇಲ್ಲ ಅನ್ನೋಕೆ ಅವರಿಗೆ ಆಗಲ್ಲ ಅಂತ ಅಲ್ವಾ ಈ ಧೈರ್ಯ..."

ಅಷ್ಟರಲ್ಲಿ 'ಟಪ್' ಎಂದು ಸದ್ದಾಯಿತು. ಎಲ್ಲರೂ ತಿರುಗಿದರು. ಮೇಸ್ತ್ರಿಯ ತೊಡೆಯ ಮೇಲೆ ಪ್ಲಗ್ಗು ಬಿದ್ದಿತ್ತು. ಅವರು ಕೆಲಸಕ್ಕೆ ಬಾರದ ತಮ್ಮ ಬಲಗೈಯನ್ನು ಕುರ್ಚಿಯ ತೋಳಿನ ಮೇಲೆ ಅಂಗೈ ಮೇಲಾಗಿ ಮಲಗಿಸಿ, ಎಡಗೈಯಿಂದ ಅದನ್ನು ಹೊಡೆಯುತ್ತಿದ್ದರು. ತಪ್ಪು ಮಾಡಿದ ಮಗುವಿನ ಕೈಗೆ ಹೊಡೆಯುವ ಹಾಗೆ. ಒಂದು ಏಟು, ಮಗನ ಮುಖ ನೋಡುವುದು. ಮತ್ತೊಂದು ಏಟು, ಮತ್ತೆ ನೋಡುವುದು. ಬಲಗೈ ಕೆಂಪಗಾಯಿತು. ಅದಕ್ಕೆ ನೋವೇ ಗೊತ್ತಾಗುವ ಹಾಗಿರಲಿಲ್ಲ; ನೋವೆಲ್ಲ ಆ ಮುಖದಲ್ಲಿತ್ತು.

ಅತ್ತೆ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕುಸಿದು ಕೂತರು. "ನಾನೂ ಅಂದೆನಲ್ಲ..." ಎಂದು ತೊದಲಿದರು. "ಇವನ ಕೈ ನೆಟ್ಟಗಿಲ್ಲ ಅಂತ ಊರಿಗೆಲ್ಲ ನಾನೂ ಹೇಳಿಕೊಂಡು ಬಂದೆನಲ್ಲ..."  ಸೆರಗು ಬಾಯಿಗೆ ಹೋಯಿತು.

ಮಗ ಚೀಲ ಕೆಳಗಿಟ್ಟು ಬಂದು ಅಪ್ಪನ ಎಡಗೈ ಹಿಡಿದುಕೊಂಡ.

"ಸಾಕು ಅಪ್ಪ. ಸಾಕು, ಬಿಡಿ."

ಅಪ್ಪನ ತಲೆ ಅವನ ಹೊಟ್ಟೆಗೆ ಒರಗಿತು. ಇಷ್ಟು ವರ್ಷದಲ್ಲಿ ಅಪ್ಪ ಮಗ ಇಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ಸೊಸೆ ಕಂಡಿರಲಿಲ್ಲ. ಅವಳ ಕಣ್ಣು ತುಂಬಿ ಬಂತು. ಆದರೆ ಅವನು ತಲೆಯೆತ್ತಿ ಅವಳನ್ನು ನೋಡಿದ ರೀತಿಗೆ ಆ ನೀರು ಅಲ್ಲೇ ನಿಂತಿತು.

"ನಿನಗೆ ಯಾವಾಗ ಗೊತ್ತಾಯ್ತು?"

"ಇಂಜಿನ್ ಬಿಚ್ಚಿದಾಗ."

"ಅಂದ್ರೆ ಅಪ್ಪನಿಗೆ ಹುಷಾರು ತಪ್ಪೋದಕ್ಕೆ ಮುಂಚೆ."

"ಹೌದು... ಮಾತು ಕೊಟ್ಟಿದ್ದೆ ರೀ. ಅವರೇ ಹೇಳ್ತೀನಿ ಅಂದಿದ್ರು."

"ಅಷ್ಟು ದಿನದಿಂದ ನನ್ನ ಪಕ್ಕದಲ್ಲೇ ಮಲಗಿದ್ದೀಯ. ಬಲ್ಬು ಹಾಕು ಅಂತ ನಾನು ಕರೆದಾಗೆಲ್ಲ ಬಂದು ಹಾಕಿದ್ದೀಯ. ನಾನು 'ಊಟದ ಕೈ' ಅಂದು ನಕ್ಕಾಗ ನೀನೂ ಸುಮ್ಮನೆ ಇದ್ದೆ." ಅವನ ದನಿ ಒಡೆಯಿತು. "ಅಪ್ಪ ಮುಚ್ಚಿಟ್ರೆ ಅದು ಅವರ ಮಾನಕ್ಕೆ. ನೀನು ಯಾರ ಮಾನಕ್ಕೆ ಮುಚ್ಚಿಟ್ಟೆ?"

 ಗಂಡನಿಗೆ ಹೇಳಿಬಿಡಬೇಕು ಅನಿಸಿದ ದಿನಗಳು ಲೆಕ್ಕವಿಲ್ಲದಷ್ಟಿದ್ದವು. ಹೇಳಿದರೆ "ಮಗಳೇ" ಅನ್ನುವ ಒಬ್ಬ ಮನುಷ್ಯನೂ ಆ ಮನೆಯಲ್ಲಿ ಇಲ್ಲವಾಗುತ್ತಾನೆ ಎಂಬ ಹೆದರಿಕೆಯೂ ಇತ್ತು. ಅದನ್ನು ಈಗ ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ತಲೆ ತಗ್ಗಿಸಿದಳು.

ಅವನು ಅಪ್ಪನ ತೊಡೆಯ ಮೇಲಿದ್ದ ಪ್ಲಗ್ಗನ್ನು ತೆಗೆದುಕೊಂಡು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ.  'ಹುಷಾರು, ಸೊಟ್ಟ ಹೋಗದ ಹಾಗೆ' ಎಂಬ ಮಾತು ಅವಳ ನಾಲಗೆಯ ತುದಿಗೆ ಬಂತು. ಹಲ್ಲು ಕಚ್ಚಿ ತಡೆದುಕೊಂಡಳು. ಅವನು ಪ್ಲಗ್ಗನ್ನು ತೂತಿಗಿಟ್ಟು ಮೊದಲು ಹಿಂದಕ್ಕೆ ತಿರುಗಿಸಿದ, ಮೆಲ್ಲಗೆ. ಥ್ರೆಡ್ ಥ್ರೆಡ್ಡಿಗೆ ಬಿದ್ದು 'ಟಕ್' ಎಂದ ಮೇಲೆ ಮುಂದಕ್ಕೆ ತಿರುಗಿಸಿದ. ಪಳಗಿದ ಮೇಸ್ತ್ರಿಗಳು ಹಾಕುವುದೇ ಹಾಗೆ. ಪ್ಲಗ್ಗು ಬೆರಳಲ್ಲೇ ಕೊನೆಯವರೆಗೂ ಇಳಿಯಿತು.

"ಅವತ್ತೂ ಹೀಗೇ ಹಾಕಿದ್ದೆ ಅಪ್ಪ," ಅಂದ, ಇಂಜಿನ್ನಿನ ಮೇಲಿಂದ ಕಣ್ಣು ಎತ್ತದೆ. "ನೀವು ಕಲಿಸಿದ ಹಾಗೇ ಹಾಕಿದ್ದೆ. ಯಾಕೆ ಕಿತ್ತು ಬಂತು ಅಂತ ಇವತ್ತಿನವರೆಗೂ ಯೋಚನೆ ಮಾಡ್ತಾನೇ ಇದ್ದೆ."

ಮೇಸ್ತ್ರಿ ಮಗುವಿನ ಹಾಗೆ ಅತ್ತರು. ಅತ್ತೆಯೂ ಅತ್ತರು. ಮಗ ಸ್ಪಾನರಿನಿಂದ ಕೊನೆಯ ಬಿಗಿ ಕೊಟ್ಟು, ವೈರಿನ ಕ್ಯಾಪು ಒತ್ತಿ, ಎದ್ದು ಕಿಕ್ಕರ್ ಮೇಲೆ ಕಾಲಿಟ್ಟ. ಗಾಡಿ ಮೊದಲು ಕೆಮ್ಮಿ ಸುಮ್ಮನಾಯಿತು. ಮತ್ತೆ ಒದ್ದ. ಆಗ ಹತ್ತಿಕೊಂಡಿತು ನೋಡಿ, ಗೋಡೆಗೆ ನೇತುಹಾಕಿದ್ದ ಸ್ಪಾನರುಗಳೆಲ್ಲ ಗಲಗಲ ಅಂದವು. ಅವನು ಅಪ್ಪನ ಎಡಗೈಯನ್ನು ತಂದು ಟ್ಯಾಂಕಿನ ಮೇಲಿಟ್ಟ. ಮುದುಕರು ಕಣ್ಣು ಮುಚ್ಚಿ ಆ ನಡುಕವನ್ನು ಅಂಗೈಯಲ್ಲಿ ಕೇಳಿಸಿಕೊಂಡರು.

ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಇಂಜಿನ್ನಿನ ಸದ್ದು ಹದವಾಗಿತ್ತು, ಎಲ್ಲೂ ಅಪಸ್ವರವಿರಲಿಲ್ಲ. ಅವಳು ಕೂಡಿಸಿದ ಗಾಡಿ, ಅವಳು ಎಳೆದ ಗೆರೆ. ಅದರ ಸುತ್ತ ಆ ಮೂವರು. ಯಾರೂ ಅವಳನ್ನು ಕರೆಯಲಿಲ್ಲ. ಬೇಕೆಂದು ಬಿಟ್ಟಿದ್ದೂ ಅಲ್ಲ. ಆ ಹೊತ್ತಿಗೆ ಯಾರಿಗೂ ನೆನಪಾಗಲಿಲ್ಲ.

ಗಾಡಿ ಆರಿಸಿದ ಮೇಲೆ ಗಂಡ ಅವಳ ಹತ್ತಿರ ಬಂದ. ಕೈಯಲ್ಲಿ ಮಸಿಯಾಗಿತ್ತು. ಅವಳು ಬಟ್ಟೆ ಚಾಚಿದಳು. ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡ.

"ನಾನು ಎಲ್ಲೂ ಹೋಗಲ್ಲ," ಅಂದ. "ಆದ್ರೆ ನಿನ್ನ ಹತ್ತಿರ ಇವತ್ತು ಮಾತಾಡೋಕೆ ಆಗಲ್ಲ. ನಾಳೆ ಆಗುತ್ತೇನೋ. ನಾಡಿದ್ದು ಆಗುತ್ತೇನೋ. ನನಗೆ ಗೊತ್ತಿಲ್ಲ."

"ಆಗಲಿ," ಅಂದಳು. "ನಾನು ಇಲ್ಲೇ ಇರ್ತೀನಿ."

ಅವನು ಬಟ್ಟೆಯನ್ನು ಮಡಚಿ ಅವಳ ಕೈಯಲ್ಲಿಟ್ಟು, ಅಪ್ಪನ ಕುರ್ಚಿ ತಳ್ಳಿಕೊಂಡು ಒಳಗೆ ಹೋದ.