ಹದಿಮೂರು ನಿಮಿಷ ಬಾಕಿ

ಸಾಮ್ರಾಜ್ಯಗಳು ಉರುಳಿದ ದಿನಗಳನ್ನು ಇತಿಹಾಸದ ಪುಸ್ತಕಗಳು ತಪ್ಪದೆ ದಾಖಲಿಸುತ್ತವೆ. ೨೦೦೨ರ ಏಪ್ರಿಲ್‌ನ ಒಂದು ಮಂಗಳವಾರ, ಭದ್ರಾವತಿಯ ಜನ್ನಾಪುರದ ಮನೆಯೊಂದರಲ್ಲಿ ಒಂದು ಹಾರ್ಡ್ ಡಿಸ್ಕ್ ಸತ್ತದ್ದನ್ನು ಮಾತ್ರ ಯಾರೂ ದಾಖಲಿಸಲಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗಿದೆ.

ಸತ್ತ ಡಿಸ್ಕ್‌ನೊಳಗೆ ಪ್ರಿಯದರ್ಶಿನಿಯ ಪಿಎಚ್.ಡಿ. ಪ್ರಬಂಧದ ಐದನೇ ಅಧ್ಯಾಯವಿತ್ತು. ಮೊದಲ ನಾಲ್ಕು ಫ್ಲಾಪಿಗಳಲ್ಲಿ ಬದುಕಿದ್ದವು. ಐದನೆಯದನ್ನು ಟಿಪ್ಪಣಿ ನೋಡಿಕೊಂಡು ಮತ್ತೆ ಟೈಪ್ ಮಾಡಬಹುದಿತ್ತು, ಯಂತ್ರ ಎದ್ದರೆ. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಲು ಕೊನೆಯ ದಿನ ಶನಿವಾರ.

ಬುಧವಾರ ಶಿವಮೊಗ್ಗದ ಗೋಪಾಳದಿಂದ ಕಂಪ್ಯೂಟರ್ ರಿಪೇರಿಯ ಭೀಮೇಶ್ ಬಂದ. ಹೊಸ ಡಿಸ್ಕ್ ಕೂರಿಸಿ ವಿಂಡೋಸ್ ಹಾಕತೊಡಗಿದ. 'ಹದಿಮೂರು ನಿಮಿಷ ಬಾಕಿ' ಎಂದು ತೋರಿಸಿ ಪರದೆಯ ನೀಲಿ ಪಟ್ಟಿ ನಿಂತಿತು. ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಮೊದಲಿನಿಂದ. ಮತ್ತೆ ಹದಿಮೂರು. ಮತ್ತೆ ಕತ್ತಲೆ. ಗುರುವಾರವೂ ಅದೇ.

"ಏನ್ ಮಾರಾಯ, ಇದು ನಿನ್ನ ಕೈಗುಣನಾ?" ಎಂದರು ಓಂಕಾರಪ್ಪ. ಪ್ರಿಯದರ್ಶಿನಿಯ ತಂದೆ. ಕಾರ್ಖಾನೆಯ ಮೋಟರ್ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು.

"ಕೈಗುಣ ಅಲ್ಲ ಸಾರ್, ಕರೆಂಟ್."

"ಕರೆಂಟಿಗೆ ನಿನ್ನ ಕಂಡ್ರೆ ಆಗಲ್ಲ ಅನ್ನು."

ಭೀಮೇಶ್ ನಗಲಿಲ್ಲ. ನಗುವುದಕ್ಕೂ ನಿದ್ದೆ ಬೇಕು. ರ‍್ಯಾಮ್ ಬದಲಿಸಿದ್ದ, ಸಿಡಿ ಬದಲಿಸಿದ್ದ, ಕೇಬಲ್ ಬದಲಿಸಿದ್ದ. ಎಲ್ಲರೂ ನಿರಪರಾಧಿಗಳು.

*

ಗುರುವಾರ ಸಂಜೆ ಬೀದಿ ಕೊನೆಯಲ್ಲಿ ಭೀಮೇಶನಿಗೆ ಲೈನ್‌ಮನ್ ಓಬಯ್ಯ ಸಿಕ್ಕಿದ.

"ಎರಡು ದಿನದಿಂದ ಕರೆಂಟ್ ಕಟ್ಟೇ ಮಾಡಿಲ್ಲ ಕಣ್ರೀ," ಎಂದ. "ಮಾಡಿದ್ರೆ ಈ ಬೀದಿಯೋರು ನನ್ನ ಬಿಡ್ತಿದ್ರಾ?"

ಭೀಮೇಶ್ ವಾಪಸ್ ಬಂದು ಪ್ರಿಯದರ್ಶಿನಿಯನ್ನು ಕೇಳಿದ: "ಮೇಡಂ, ಕರೆಂಟ್ ಹೋದಾಗ ಪಕ್ಕದ ಮನೆಯೋರು ಏನ್ಮಾಡ್ತಿದ್ರು?"

"ಹೂವಮ್ಮನಾ? ಗ್ರೈಂಡರಲ್ಲಿ ದೋಸೆ ಹಿಟ್ಟು ರುಬ್ತಿದ್ರು. ಆ ಸದ್ದಿಗೆ ನನ್ನ ತಲೆ..." ಅವಳ ಮಾತು ನಿಂತಿತು. "ಅಲ್ಲ, ಕರೆಂಟ್ ಇಲ್ದೆ ಹೆಂಗೆ ರುಬ್ಬಿದ್ರು?"

"ಅದೇ."

*

ಶುಕ್ರವಾರ ಬೆಳಿಗ್ಗೆ. ಹದಿಮೂರು ನಿಮಿಷ ಬಾಕಿ. ಪಟ್ಟಿ ನಿಂತಿತು.

"ಟೀ ಕುಡ್ದು ಬರ್ತೀನಿ," ಎಂದು ಜೋರಾಗಿ ಹೇಳಿ ಭೀಮೇಶ್ ಹೊರಟ. ಗೇಟಿನವರೆಗೂ ಹೋಗಲಿಲ್ಲ. ಜಗಲಿಯ ಕಂಬದ ಹಿಂದೆ ನಿಂತ.

ಕಿಟಕಿಯಲ್ಲಿ ಎಲ್ಲ ಕಾಣುತ್ತಿತ್ತು. ಓಂಕಾರಪ್ಪ ಮಗಳ ಹಿಂದೆ ಬಂದು ನಿಂತರು. ಪರದೆ ನೋಡಿದರು. ಬಗ್ಗಿ ಕಂಪ್ಯೂಟರಿನ ಡಬ್ಬಿಯ ಮೇಲೆ ಅಂಗೈ ಇಟ್ಟರು, ಕಿವಿಗೊಟ್ಟರು. ಸದ್ದಿಲ್ಲದೆ ಜಗಲಿಗೆ ಬಂದು ಮೇನ್ ಸ್ವಿಚ್ಚಿನ ಹಿಡಿಗೆ ಕೈ ಹಾಕಿದರು.

"ಬಿಡಿ ಸಾರ್."

ಪ್ರಿಯದರ್ಶಿನಿ ಓಡಿ ಬಂದಳು. "ಅಪ್ಪಾಜಿ, ನೀವಾ?"

"ಮತ್ತೇನು?" ಓಂಕಾರಪ್ಪನವರ ಮುಖದಲ್ಲಿ ನಾಚಿಕೆ ಇರಲಿಲ್ಲ. "ಒಳಗೆ ಗುಂಯ್ ಅಂತಿದೆ, ಮುಂದೆ ಮಾತ್ರ ಹೋಗ್ತಿಲ್ಲ. ಅಂಥ ಮೋಟರ್ ಹಂಗೇ ಬಿಟ್ರೆ ಕಾಯಿಲ್ ಸುಟ್ಟೋಗುತ್ತೆ. ಮೂವತ್ತೆರಡು ವರ್ಷದಲ್ಲಿ ಒಂದನ್ನೂ ಸುಡಕ್ಕೆ ಬಿಟ್ಟಿಲ್ಲ ನಾನು."

"ಲೈನ್‌ಮನ್ ಕಟ್ ಮಾಡಿಲ್ಲ," ಎಂದ ಭೀಮೇಶ್. "ಪಕ್ಕದ ಗ್ರೈಂಡರ್ ನಿಂತಿಲ್ಲ. ಹೋಗಿದ್ದು ಈ ಮನೆ ಕರೆಂಟ್ ಒಂದೇ, ಅದೂ ಪಟ್ಟಿ ನಿಂತಾಗ ಮಾತ್ರ. ಅಂದ್ರೆ ಪಟ್ಟಿ ನೋಡಿದೋರೇ ಎಳೀಬೇಕು. ನಾನೂ ಮೇಡಮ್ಮೂ ಯಂತ್ರದ ಮುಂದೇ ಇದ್ವಿ. ಮೂರು ಸಲವೂ ನೋಡಿ ಹೊರಗೆ ಹೋದೋರು ನೀವು. ಅದು ಕೆಟ್ಟು ನಿಲ್ಲೋದಲ್ಲ ಸಾರ್. ಒಳಗೆ ಏನೇನು ಜೋಡಿಸಿದ್ದಾರೆ ಅಂತ ಹುಡುಕ್ತಿರುತ್ತೆ. ಹತ್ತು ನಿಮಿಷ ಅಲ್ಲಾಡಲ್ಲ."

"ಹಂಗಂತ ಅಲ್ಲಿ ಬರೀಬಾರ್ದಾ?"

ಪ್ರಿಯದರ್ಶಿನಿ ಮೇನ್ ಸ್ವಿಚ್ಚನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಡಿಸ್ಕ್ ಸಾಯೋಕೆ ಮುಂಚೆ, ಸೋಮವಾರ ಕರೆಂಟ್ ಹೋಗಿತ್ತಲ್ಲ, ಅದು?"

ಓಂಕಾರಪ್ಪ ಜಗಲಿಯ ಮೇಲೆ ಕುಳಿತರು. "ಎರಡು ಸಲ. ಮಂಗಳವಾರ ಒಂದ್ಸಲ. ಏನೋ ಉಜ್ಜೋ ಸದ್ದು ಬರ್ತಿತ್ತು ತಾಯಿ."

"ಯಂತ್ರ ಬರೀತಿರೋವಾಗ ಪದೇ ಪದೇ ಹಂಗೆ ಸ್ವಿಚ್ ಎಳೆದ್ರೆ ಡಿಸ್ಕ್ ಉಳಿಯಲ್ಲ," ಎಂದ ಭೀಮೇಶ್, ಗೋಡೆಗೆ ಹೇಳುವವನಂತೆ.

"ಆ ಅಧ್ಯಾಯಕ್ಕೆ ಎಂಟು ತಿಂಗಳು ಹಿಡೀತು, ಅಪ್ಪಾಜಿ."

ಅವರು ತಲೆ ಎತ್ತಲಿಲ್ಲ. ಒಳಗೆ ನೀಲಿ ಪಟ್ಟಿ ತನ್ನ ಪಾಡಿಗೆ ತಾನು ಮುಂದೆ ಸರಿಯಿತು.

*

ಒಂದು ದಿನದಲ್ಲಿ ಐದನೇ ಅಧ್ಯಾಯ ಮುಗಿಯದೆ, ಶನಿವಾರ ಪ್ರಬಂಧ ಸಲ್ಲಿಕೆಯಾಗಲಿಲ್ಲ. ಪ್ರಿಯದರ್ಶಿನಿ ಮೂರು ತಿಂಗಳ ಕಾಲಾವಕಾಶ ಕೋರಿ ಅರ್ಜಿ ಕೊಟ್ಟಳು. ಕಾರಣ ಎಂಬಲ್ಲಿ 'ವಿದ್ಯುತ್ ವ್ಯತ್ಯಯ' ಎಂದು ಬರೆದಳು. ಅರ್ಜಿ ಮಂಜೂರಾಯಿತು.