ತೊದಾವಿಯಾ ನೋ... ಇನ್ನೂ ಆಗಿಲ್ಲ

"ಜಯಮಾಲಾ ಅಂದ್ರ ಯಾರ್ರಿ ಇಲ್ಲಿ?"

ಬಾಗಿಲಲ್ಲಿ ನಿಂತವನ ಅಂಗಿಯ ತುಂಬ ಕಲ್ಲಿನ ಪುಡಿ, ಮುಖದ ತುಂಬ ಸಿಟ್ಟು. ಇಷ್ಟು ಸಿಟ್ಟಿನಲ್ಲೂ ಒಬ್ಬ ಮನುಷ್ಯ ಇಷ್ಟು ಚೆಂದ ಕಾಣಬಾರದು ಎಂದುಕೊಂಡಳು ಜಯಮಾಲಾ. ಅಂಥ ಹೊತ್ತಿನಲ್ಲಿ ಬರಬೇಕಾದ ಯೋಚನೆಯೇ ಅದು?

"ನಾನೇ ರಿ."

ಶಹಾಬಾದಿನ ಆ ನೆಲಹಾಸಿನ ಫರ್ಸಿ ಕಲ್ಲಿನ ಕಾರ್ಖಾನೆಗೆ ಅವಳು ಬಂದು ಸೇರಿ ಇನ್ನೂ ವಾರ ತುಂಬಿರಲಿಲ್ಲ. ಚಿತ್ತಾಪುರದ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿತವಳು. ಸ್ಪೇನಿನ ಗಿರಾಕಿ ಲೂಸಿಯಾಳೊಂದಿಗೆ ಮಾತಾಡಲೆಂದೇ ಒಡತಿ ಗುರುಲಿಂಗಮ್ಮ ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಚಿಂಚೋಳಿಯ ಕಲ್ಲುಗಣಿಗೆ ಹೋಗಿದ್ದ ಅವರ ಮಗ ಶರಣಕುಮಾರ ಈಗಷ್ಟೇ ಬಂದಿದ್ದ.

"ಲೂಸಿಯಾ ಮೇಡಂಗ ಕಲ್ಲೆಲ್ಲಾ ತಯಾರದ ಅಂತ ಹೇಳೀರಂತ. ಹೊರಗ ಹೋಗಿ ನೋಡ್ರಿ, ಅರ್ಧಕ್ಕ ಪಾಲಿಶೇ ಆಗಿಲ್ಲ. ಅವರು ಹಡಗಿನಾಗ ಜಾಗ ಹಿಡಿದು ಕುಂತಾರ."

ಜಯಮಾಲಾ ಎದ್ದು ನಿಂತಳು. "ಅಂಬರಾಯಕಾಕಾಗ ಕೇಳೇ ಹೇಳೀನ್ರಿ. ಆತು, ಆದಂಗೇ ಅದ ಅಂದ್ರು. ನಾನು ಅವರ ಭಾಷಾದಾಗ 'ಯಾ' ಅಂದೆ. ಈಗಾಗಲೇ ಆಗ್ಯದ ಅಂತ."

ಅವನ ಹಿಂದೆಯೇ ಬಂದಿದ್ದ ಹಳೆಯ ಮೇಸ್ತ್ರಿ ಅಂಬರಾಯ ತಲೆ ಕೆರೆದುಕೊಂಡ. "ಗಿರಾಕಿಗೆ ಇನ್ನಾ ಆಗಿಲ್ಲ ಅನಬಾರದಪಾ. ನಿಮ್ಮಪ್ಪಾರ ಕಾಲದಿಂದ ಹಂಗೇ ನಡದದ. ಆಗಿಲ್ಲ ಅಂದ್ರ ಬಂದ ಲಕ್ಷ್ಮಿ ಹೊಳ್ಳಿ ಹೋಗ್ತಾಳ."

ಶರಣಕುಮಾರನ ಸಿಟ್ಟು ಅಲ್ಲೇ ಅರ್ಧ ಇಳಿಯಿತು. ಅವನೂ ಈ ಊರಿನವನೇ ತಾನೆ! ಬಟ್ಟೆಯನ್ನು ಇನ್ನೂ ಕತ್ತರಿಸಿಯೇ ಇರದ ದರ್ಜಿ 'ಗುಂಡಿ ಹಚ್ಚೋದೊಂದೇ ಬಾಕಿ' ಎನ್ನುವ ಸೀಮೆ ಇದು. ಇಲ್ಲಿ ಅದು ಸುಳ್ಳಲ್ಲ, ಮರ್ಯಾದೆ.

ಗದ್ದಲ ಕೇಳಿ ಬಂದ ಗುರುಲಿಂಗಮ್ಮ ಮಾತ್ರ ಮಾತು ತೇಲಿಸಲಿಲ್ಲ. "ಸೋಮವಾರ ಆ ಮೇಡಂ ಮತ್ತ ಫೋನ್ ಮಾಡ್ತಾರ. ಆರ್ಡರ್ ಹೋತಂದ್ರ ನಿನ್ನ ಇಟ್ಟುಕೊಳ್ಳಾಕ ಆಗೋದಿಲ್ಲವ್ವ."

ಕೆಲಸ ಹೋದರೆ ಮುಂದೇನು ಎಂಬುದು ಜಯಮಾಲಾಳಿಗೆ ಚೆನ್ನಾಗಿ ಗೊತ್ತಿತ್ತು. ಸೇಡಂನ ಒಂದು ಸಂಬಂಧ ಹಿಡಿದು ಅವ್ವ ಸುಂದರಬಾಯಿ ಕಾದು ಕೂತಿದ್ದಳು. "ನೌಕರಿ ಇರೋತನಕ ನಿನ್ನ ಮಾತು. ಅದು ಹೋತು ಅಂದ್ರ ನನ್ನ ಮಾತು" ಎಂದಿದ್ದಳು.

ಮರುದಿನ ಶರಣಕುಮಾರನೇ ಬಂದು ಅವಳ ಮುಂದೆ ನಿಂತ. "ತಪ್ಪು ನಿಮ್ಮದೊಬ್ಬರದಲ್ಲ. ಬರ್ರಿ, ಕೂಡಿ ಕಲಿಯೋಣ. ಆಗಿಲ್ಲ ಅನ್ನೋದಕ್ಕ ಅವರ ಭಾಷಾದಾಗ ಏನಂತಾರ?"

"ತೊದಾವಿಯಾ ನೋ. ಇನ್ನೂ ಇಲ್ಲ ಅಂತ."

ಶಬ್ದ ಬಾಯಿಗೆ ಬಂತು. ಹೇಳುವ ಎದೆಗಾರಿಕೆ ಮಾತ್ರ ಬರಬೇಕಿತ್ತು.

ಇಬ್ಬರೂ ಕಲ್ಲಿನ ರಾಶಿಗಳ ನಡುವೆ ಓಡಾಡಿದರು. ಕತ್ತರಿಸಿಟ್ಟ ಕಲ್ಲಿನ ಮುಂದೆ ಅವನು "ಇದು?" ಎನ್ನುವನು, ಅವಳು "ಯಾ" ಎನ್ನುವಳು. ಪಾಲಿಶ್ ಇಲ್ಲದ ಕಲ್ಲಿನ ಮುಂದೆಯೂ ನಾಲಿಗೆ ಯಾ ಎಂದೇ ಜಾರುವುದು!

"ಮತ್ತ ಲಕ್ಷ್ಮಿ ಹೊಳ್ಳಿ ಹೋಗ್ತಾಳಂತ ಹೆದರಿದ್ರೇನು?" ಎಂದು ಅವನು ಕಾಡಿಸುವನು.

"ಚಾ ಕುಡದೀರೇನು?" ಎಂದು ಒಮ್ಮೆ ಕೇಳಿದ.

"ತೊದಾವಿಯಾ ನೋ" ಎಂದಳು ಥಟ್ಟನೆ. ಇಬ್ಬರೂ ನಕ್ಕರು. ನಗು ನಿಂತ ಮೇಲೂ ಅವನು ನೋಡುತ್ತಲೇ ಇದ್ದ. ಅಯ್ಯೋ, ಈ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ...

ಶನಿವಾರ ಚಿತ್ತಾಪುರದಲ್ಲಿ ಕೆಲಸವಿದ್ದ ಅವನು ಅವಳನ್ನು ಮನೆತನಕ ಬಿಟ್ಟ. ಅವಳು ಮುಖ ತೊಳೆಯಲು ಒಳಗೆ ಹೋದಾಗ ಸುಂದರಬಾಯಿಯ ಮುಂದೆ ಮೆಲ್ಲಗೆ ಮಾತು ತೆಗೆದ. "ಮಗಳಿಗೆ ಎಲ್ಲರೆ ಗಂಡು ನೋಡಾಕತ್ತೀರೇನ್ರಿ?"

"ಸೇಡಂದಾಗ ಆದಂಗೇ ಅದ್ರಿ" ಎಂದಳು ಸುಂದರಬಾಯಿ.

ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಸೋಮವಾರ ಅವನು ಅವಳ ಮುಖವನ್ನೇ ನೋಡಲಿಲ್ಲ. 'ನಾನೇನು ತಪ್ಪು ಮಾಡಿದೆ?' ಕೇಳುವಷ್ಟರಲ್ಲಿ ಫೋನ್ ಬಂತು. ಪರದೆಯ ಮೇಲೆ ಲೂಸಿಯಾ, ನಗು ಇಲ್ಲದ ಮುಖ.

"ಕಲ್ಲು ತಯಾರಾಗಿದೆಯೇ?"

ಎದುರಿಗೆ ನಿಂತ ಅಂಬರಾಯ 'ಆತು ಅನ್ನು' ಎಂದು ಕೈ ಆಡಿಸುತ್ತಿದ್ದ. ಜಯಮಾಲಾ ಅವನಿಂದ ಕಣ್ಣು ತೆಗೆದಳು. ಯಾ ಎಂದರೆ ಈ ಗಳಿಗೆ ದಾಟುತ್ತದೆ... ಆಮೇಲೆ?

"ತೊದಾವಿಯಾ ನೋ" ಎಂದಳು, ಸ್ಪಷ್ಟವಾಗಿ.

ಫೋನ್ ಹಿಡಿದು ಹೊರಗೆ ನಡೆದಳು. ಪಾಲಿಶ್ ಆದ ರಾಶಿ ತೋರಿಸಿ "ಇದು ಆಗಿದೆ" ಎಂದಳು, ಆಗದ್ದನ್ನು ತೋರಿಸಿ "ಇದು ಇನ್ನೂ ಇಲ್ಲ, ಗುರುವಾರ ಆಗುತ್ತದೆ" ಎಂದಳು. ಹೋದ ಸಲ ಹೇಳಿದ್ದು ತಪ್ಪು ಎಂದೂ ಒಪ್ಪಿಕೊಂಡಳು.

ಲೂಸಿಯಾ ಕುರ್ಚಿಗೆ ಒರಗಿದಳು. "ಗುರುವಾರ ಎಂದರೆ ನಾನು ಹಡಗು ಬದಲಿಸಿಕೊಳ್ಳಬಲ್ಲೆ. ಎಲ್ಲರೂ ಆಗಿದೆ ಎನ್ನುತ್ತಾರೆ, ನನ್ನ ಕಂಟೇನರ್ ಖಾಲಿ ನಿಲ್ಲುತ್ತದೆ. ಇಡೀ ವರ್ಷದ ಕಲ್ಲು ನಿಮ್ಮಿಂದಲೇ ತರಿಸುತ್ತೇನೆ. ಆದರೆ ಫೋನ್ ನೀನೇ ಎತ್ತಬೇಕು."

ಜಯಮಾಲಾ ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅಂಬರಾಯ ರುಮಾಲು ಮೇಲಕ್ಕೆ ತೂರಿದ. ಗುರುಲಿಂಗಮ್ಮ ಅವಳ ಕೆನ್ನೆ ಸವರಿ ಲಟಿಕೆ ಮುರಿದರು. ಗೆದ್ದಿದ್ದಳು ಹುಡುಗಿ!

ಶರಣಕುಮಾರ ಮಾತ್ರ ದೂರ ನಿಂತಿದ್ದ. "ಭಾಳ ಛಲೋ ಮಾತಾಡಿದ್ರಿ. ಸೇಡಂಗ ಹೋದ ಮ್ಯಾಲೂ ಫೋನ್ ಎತ್ರಿ, ಅಷ್ಟೇ."

"ಸೇಡಂಗ ಯಾಕ ಹೋಗ್ಲಿ?"

"ನಿಮ್ಮವ್ವಾರೇ ಅಂದ್ರಲ್ಲ, ಆದಂಗೇ ಅದ ಅಂತ."

ಓಹೋ... ಶನಿವಾರದ ಅರ್ಧ ಚಹಾ ಈಗ ಅರ್ಥವಾಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಹುಡುಗ ನೋಡಾಕೂ ಬಂದಿಲ್ಲರಿ! ಅಂಬರಾಯಕಾಕಾ ಕಲ್ಲು ಮಾರಿದಂಗ ನಮ್ಮವ್ವ ನನ್ನ ಲಗ್ನ ಮಾಡ್ಯಾಳ. ನೀವೂ ನಂಬಿದ್ರೇನು?"

ಅವನ ಮುಖ ಕೆಂಪಾಯಿತು. ಜಯಮಾಲಾಳಿಗೆ ಇನ್ನು ತಡೆಯಲಾಗಲಿಲ್ಲ. ಅಲ್ಲೇ ಫೋನ್ ಹಚ್ಚಿದಳು. "ಅವ್ವಾ, ನೌಕರಿ ಉಳೀತು. ಸೇಡಂದವರಿಗೆ ಬ್ಯಾಡ ಅಂತ ಇವತ್ತೇ ಹೇಳು. ನನಗ ಶರಣಕುಮಾರ ಬೇಕು."

ಅವನು ಕಲ್ಲಿನಂತೆ ನಿಂತುಬಿಟ್ಟ. ಅವಳು ಫೋನ್ ಅವನ ಕೈಗಿತ್ತಳು. "ನಿಮ್ಮ ಮನಿಯಾಗ ಒಪ್ಪ್ಯಾರೇನು ಅಂತ ಕೇಳಾಕತ್ತಾಳ. ಖರೆ ಹೇಳ್ರಿ."

"ನಮಸ್ಕಾರ್ರಿ ಅತ್ತಿ... ನಮ್ಮವ್ವಗ ಇನ್ನಾ ಹೇಳಿಲ್ಲರಿ. ಈಗ ಹೇಳ್ತೀನಿ."

"ಅತ್ತಿ ಅಂದದ್ದು ಇಲ್ಲಿತನಕ ಕೇಳ್ತು" ಎಂದರು ಗುರುಲಿಂಗಮ್ಮ ನಗುತ್ತ. "ಮತ್ತ ನನಗೇನು ಹೇಳ್ತಿ? ನಾ ಒಪ್ಪೀನಿ" ಎಂದು ಒಳಗೆ ನಡೆದರು.

ಇಬ್ಬರೇ ಉಳಿದರು.

"ಇನ್ನ ಮ್ಯಾಲ ಬರೇ ಮಾಲಾ ಅಂದ್ರ ನಡೀತದೇನ್ರಿ?" ಎಂದು ಕೇಳಿದ ಅವನು.

"ಮೊದಲು ಆ 'ರಿ' ಬಿಡ್ರಿ."

"ಬಿಟ್ಟೆ" ಎಂದು ಅವನು ಕೈ ಚಾಚಿದ. "ಬಾ ಮಾಲಾ."

ಅವಳು ಕೈ ಹಿಡಿದಳು.