ಪರ್ಲೈಟಿನ ಬದಲಿಗೆ

ಆಗ ರಾಜಗೋಪಾಲನಗರದ ಆ ಸೈಟಿನಲ್ಲಿ ಕಟ್ಟಡ ಎದ್ದಿರಲಿಲ್ಲ. ಹಸಿರು ನೆಟ್ ಕಟ್ಟಿಕೊಂಡು ಕೃಪಾ ಅಲ್ಲಿ ನರ್ಸರಿ ನಡೆಸುತ್ತಿದ್ದಳು. ಬಸಲಿಂಗ ಎರಡನೇ ಸಲ ಅಲ್ಲಿಗೆ ಬಂದದ್ದು ಜಗಳಕ್ಕೆ. ಹಾಗಂತ ಅವಳು ಅಂದುಕೊಂಡಳು.

ಅವನ ಕೈಯಲ್ಲಿ ಅವಳೇ ಮಾರಿದ್ದ ಮಲ್ಲಿಗೆಯ ಕುಂಡ. ಗಿಡದ ಸುತ್ತ ಎಳೆಯ ಪೈರು.

"ಮಲ್ಲಿಗಿ ಅಂತ ಕೊಟ್ಟೀರಿ ಮೇಡಂ. ಭತ್ತ ಬಂದೈತ್ರಿ."

ಕೃಪಾಳ ಮುಖ ಕೆಂಪಾಯಿತು. ಬೇರಿಗೆ ಗಾಳಿ ಆಡಲೆಂದು ಎಲ್ಲರೂ ಮಣ್ಣಿಗೆ ಬೆರೆಸುವ ಪರ್ಲೈಟ್, ಆ ಬಿಳಿ ಹರಳು, ಅವಳಿಗೆ ಹಿಡಿಸುತ್ತಿರಲಿಲ್ಲ. ನೀರು ಹಾಕಿದಾಗಲೆಲ್ಲ ಥರ್ಮೊಕೋಲ್ ಪುಡಿಯಂತೆ ತೇಲುತ್ತಿತ್ತು. ಬದಲಿಗೆ ಮಿಲ್ಲಿನಿಂದ ಭತ್ತದ ಹೊಟ್ಟು ತಂದು ಹಾಗೇ ಬೆರೆಸಿದ್ದಳು. ಅದರಲ್ಲಿ ಕಾಳೂ ಉಳಿದಿರಬಹುದೆಂದು ಹೊಳೆದಿರಲಿಲ್ಲ.

ಪೈರು ಕೀಳಲು ಕೈ ಚಾಚಿದರೆ ಅವನು ಕುಂಡವನ್ನು ಎದೆಗವಚಿಕೊಂಡ. ಗಂಗಾವತಿ ಕಡೆಯವನಂತೆ, ಪೀಣ್ಯದಲ್ಲಿ ಲೇತ್ ಕೆಲಸವಂತೆ. ಈ ಹಸಿರು ನೋಡಿ ವರ್ಷಗಳಾಗಿದ್ದವಂತೆ. ಬಂದದ್ದು ದೂರಲು ಅಲ್ಲ, ತೋರಿಸಲು.

ಮುಂದಿನ ಭಾನುವಾರ ಅವನು ಹೊಟ್ಟಿನ ಬದಲಿಗೆಂದು ಒಂದು ಚೀಲ ಶೇಂಗಾ ಸಿಪ್ಪೆ ತಂದ. ಇಬ್ಬರೂ ಕೂತು ಪುಡಿಮಾಡಿ ಬೆರೆಸಿದರು, ಇಲಿಗಳು ಬಂದವು. ತೆಂಗಿನ ನಾರು ಹಾಕಿದರು. ಮಣ್ಣು ಒಣಗಲೇ ಇಲ್ಲ. ಮರದ ಪುಡಿಗೆ ಎಲೆಗಳು ಹಳದಿಯಾದವು. ಪ್ರತಿ ಸೋಲಿಗೂ ಇನ್ನೊಂದು ಭಾನುವಾರ ಸಿಗುತ್ತಿತ್ತು. ಅವನು ಮಣ್ಣು ಕಲಸುವಾಗ ಕೃಪಾ ಅವನ ಮಣಿಕಟ್ಟು ನೋಡುತ್ತಿದ್ದಳು. ಅವನು ತಲೆಯೆತ್ತಿದರೆ ಗುಲಾಬಿಗೆ ನೀರು ಹಾಕುತ್ತಿದ್ದಳು, ಆಗಲೇ ಹಾಕಿದ್ದ ಗಿಡಕ್ಕೇ.

"ಅದಕ್ಕ ಎಷ್ಟ್ ಕುಡಸ್ತೀರಿ?" ಎಂದು ಅವನು ಕೇಳಿದ್ದ. ಬಿಸಿಲು ಜಾಸ್ತಿ ಎಂದಿದ್ದಳು. ಮೋಡವಿತ್ತು.

ಕೊನೆಗೆ ಅರ್ಧ ಡ್ರಮ್ಮಿನಲ್ಲಿ ಭತ್ತದ ಹೊಟ್ಟನ್ನೇ ಕಪ್ಪಾಗುವಷ್ಟು ಸುಟ್ಟು, ಬೂದಿಯಾಗುವ ಮೊದಲೇ ನೀರು ಹಾಕಿ ಆರಿಸಿದರು. ಹೊಗೆಯಲ್ಲಿ ನಿಂತು ಅವನು ಊರಿನ ಮಿಲ್ಲಿನ ಹಿಂದಿದ್ದ ಹೊಟ್ಟಿನ ಗುಡ್ಡದ ಕಥೆ ಹೇಳಿದ: ಹುಡುಗರೆಲ್ಲ ಅದರ ಮೇಲಿಂದ ಜಾರುತ್ತಿದ್ದದ್ದು, ಮೈಯೆಲ್ಲ ನವೆಯೆದ್ದು ಮನೆಯಲ್ಲಿ ಪೆಟ್ಟು ತಿನ್ನುತ್ತಿದ್ದದ್ದು. ಆ ಗುಡ್ಡ ತನ್ನ ಬಾಲ್ಯದ್ದೇ ಎಂದು ಕೃಪಾಗೆ ಈಗಲೂ ಅನಿಸುವುದುಂಟು.

ಆ ಮಣ್ಣಿನಲ್ಲಿ ನೀರು ನಿಲ್ಲಲಿಲ್ಲ. ಗಿಡಗಳು ಚಿಗುರಿದವು. ಕೃಪಾಗೆ ಹೆದರಿಕೆಯಾಯಿತು. ಇದು ಸರಿಹೋದರೆ ಇನ್ನು ಅವನು ಯಾಕೆ ಬರಬೇಕು?

ಅವನು ಬಂದಾಗ, ಇದೂ ಆಗಲಿಲ್ಲ, ಬೇರು ಕೊಳೆಯುತ್ತಿದೆ ಎಂದುಬಿಟ್ಟಳು.

ಬಸಲಿಂಗ ಒಂದು ಕುಂಡ ಬಗ್ಗಿಸಿ, ತಟ್ಟಿ, ಗಿಡವನ್ನು ಅಂಗೈಗೆ ಇಳಿಸಿಕೊಂಡ. ಕಪ್ಪು ಮಣ್ಣಿನ ತುಂಬ ಬಿಳಿ ಬೇರು. ಬಹಳ ಹೊತ್ತು ನೋಡಿದ, ಬೇರನ್ನಲ್ಲ.

"ಬೇರು ಚಲೋ ಅದಾವಲ್ರಿ."

"ಇಲ್ಲ, ಕೆಟ್ಟಿದೆ."

"ಎಲ್ಲಿ ಕೆಟ್ಟೈತ್ರಿ?"

ಕೃಪಾ ಸುಟ್ಟ ಹೊಟ್ಟಿನ ಚೀಲದ ಬಾಯಿ ಬಿಗಿಯುತ್ತ ಹೇಳಿದಳು, "ಕೆಟ್ಟಿದೆ ಅಂದ್ರೆ ಮುಂದಿನ್ ವಾರಾನೂ ಬರ್ತೀರಲ್ಲ. ಅದಕ್ಕೆ."

ಅವನು ಗಿಡವನ್ನು ಕುಂಡಕ್ಕೆ ಮರಳಿಸಿ, ಎರಡೂ ಹೆಬ್ಬೆರಳಿನಿಂದ ಮಣ್ಣು ಮೆಲ್ಲಗೆ ಒತ್ತಿದ.

"ನಾಳಿ ನಂದು ಸೆಕೆಂಡ್ ಶಿಫ್ಟ್. ಮುಂಜಾನಿ ಬರ್ಲೇನು? ಕೈಯಾಗ ಏನೂ ತರಂಗಿಲ್ಲ."

"ಗೇಟಿಗೆ ಬೀಗ ಹಾಕಿರಲ್ಲ," ಎಂದಳು ಕೃಪಾ.